ಹತ್ತು ಬೆರಳು, ಐದು ಜಾಗ

ನನ್ನ ಬೆರಳಿಗೆ ಗೆರೆ ಇಲ್ಲ ಎಂದು ಮೊದಲು ಹೇಳಿದ್ದು ರೇಷನ್ ಅಂಗಡಿಯ ಯಂತ್ರ. ಹೆಬ್ಬೆಟ್ಟು ಇಟ್ಟರೆ ಕೆಂಪು ದೀಪ. ಒರೆಸಿ ಇಟ್ಟರೂ ಕೆಂಪು. ಅಂಗಡಿಯವನು ನನ್ನ ಕೈಯನ್ನು ಬದನೆಕಾಯಿ ಆರಿಸುವವನ ಹಾಗೆ ತಿರುಗಿಸಿ ತಿರುಗಿಸಿ ನೋಡಿದ.

"ಯವ್ವಾ, ಎಲ್ಲಾ ಬಟ್ಟು ಅಳಿಸಿ ಹೋಗ್ಯಾವಲ್ಲ. ಕಳ್ಳತನ ಮಾಡಿದ್ರೂ ಪೊಲೀಸರಿಗೆ ಸಿಗೂದಿಲ್ಲ ನೀ."

"ಮೊದಲು ಅಕ್ಕಿ ಹಾಕು, ಆಮ್ಯಾಲ ಕಳ್ಳತನದ ವಿಚಾರ ಮಾಡೂಣು" ಎಂದೆ. ಮೊಬೈಲಿಗೆ ನಂಬರ್ ತರಿಸಿಕೊಂಡು ಅಕ್ಕಿ ಹಾಕಿದ. ಅಲ್ಲಿಗೆ ಆ ಮಾತು ಮುಗಿಯಿತು ಎಂದುಕೊಂಡಿದ್ದೆ.

ಬೆರಳು ಅಳಿಸಿದ್ದು ಕೆಲಸದಿಂದ. ಕುಷ್ಟಗಿ, ಯಲಬುರ್ಗಾ ಸೀಮೆಯ ಹತ್ತಿ ಬೀಜದ ಹೊಲಗಳಲ್ಲಿ ಮೂವತ್ತು ವರ್ಷ ಕ್ರಾಸಿಂಗ್ ಮಾಡಿದವಳು ನಾನು. ಅದೇನೆಂದು ತಿಳಿಯದವರಿಗೆ ಹೇಳಿಬಿಡುತ್ತೇನೆ. ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತು ಸಂಜೆ ಹುಡುಕಿ, ಹೆಬ್ಬೆಟ್ಟಿನ ಉಗುರಿನಿಂದ ಸೀಳಿ, ಎಸಳನ್ನೂ ಗಂಡು ಭಾಗವನ್ನೂ ಕಿತ್ತು ಹಾಕಬೇಕು. ಒಳಗಿನ ಹೆಣ್ಣು ಭಾಗಕ್ಕೆ ಉಗುರು ತಾಗಬಾರದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದಕ್ಕೆ ಸವರಿ, ಗುರುತಿಗೆ ಒಂದು ದಾರ ಕಟ್ಟಬೇಕು. ಒಂದು ದಿನಕ್ಕೆ ನೂರಾರು ಹೂ. ಮನೆಗೆ ಬಂದ ಮೇಲೆ ಬೂದಿಯಲ್ಲಿ ಪಾತ್ರೆ, ಬಿಸಿ ನೀರಿನ ಜೋಳದ ಹಿಟ್ಟು, ಹಂಚಿನ ಮೇಲೆ ರೊಟ್ಟಿ. ಬೆರಳು ಉಳಿದದ್ದೇ ಹೆಚ್ಚು, ಗೆರೆಯ ಮಾತೆಲ್ಲಿ.

ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳಿಗೆ ಯುರೋಪಿನ ಊರಿನ ವಿಚಾರ ಬಂದದ್ದು ಸೊಸೆಯಿಂದ. ನನ್ನ ಸೊಸೆ ಕುಷ್ಟಗಿಯಲ್ಲಿ ಬೀಜ ಗೊಬ್ಬರದ ಅಂಗಡಿ ನಡೆಸುತ್ತಾಳೆ. ಮಗ ಸರ್ಕಾರಿ ಸಾಲೆಯ ಮಾಸ್ತರ. ಅಂಗಡಿಗೆ ಅವನು ಕಾಲಿಟ್ಟರೆ ಗಿರಾಕಿಗಳಿಗೆ ಪಾಠ ಮಾಡುತ್ತಾನೆಂದು ಅವಳೇ ದೂರ ಇಟ್ಟಿದ್ದಾಳೆ. ಒಂದು ವರ್ಷ ಅವಳು ಜಿಲ್ಲೆಗೇ ಹೆಚ್ಚು ಮಾಲು ಮಾರಿದಳು. ಕಂಪನಿಯವರು ಮೆಚ್ಚಿ ಇಬ್ಬರಿಗೆ ಟೂರು ಕೊಟ್ಟರು. ಮುಂಗಾರಿನ ಗದ್ದಲ ಮುಗಿದ ಮೇಲೆ ಹೋಗುವುದು. ಏಳೆಂಟು ದಿನ ಬಸ್ಸಿನಲ್ಲಿ ಊರೂರು, ನಡುವೆ ಆಲ್ಪ್ಸ್ ಬೆಟ್ಟದ ಕಾಲಬುಡದಲ್ಲಿ ಇನ್ಸ್‌ಬ್ರುಕ್ ಎಂಬ ಹಳೆಯ ಊರಿನಲ್ಲಿ ಒಂದು ಇಡೀ ದಿನ.

ಮಗನಿಗೆ ಹೊರದೇಶಕ್ಕೆ ಹೋಗಲು ಇಲಾಖೆಯ ಪರವಾನಗಿ ಬೇಕಿತ್ತು. ಅರ್ಜಿ ಕೊಪ್ಪಳಕ್ಕೆ ಹೋಗಿ ಅಲ್ಲಿಯೇ ಕೂತಿತು. ಕೊನೆಗೆ ಅವನೇ, "ನಂದು ಬಿಡ್ರಿ, ಬ್ಯಾರೆಯಾರನ್ನಾರ ನೋಡ್ರಿ" ಎಂದ. ಆವತ್ತು ಊಟಕ್ಕೆ ಗಂಗಾವತಿಯಿಂದ ಸೊಸೆಯ ಅಣ್ಣ ಬಂದಿದ್ದ. ಟ್ರ್ಯಾಕ್ಟರ್ ಮಾರುವ ಕೆಲಸ ಅವನದು, ಮಾತು ಟ್ರ್ಯಾಕ್ಟರಿನಷ್ಟೇ ದೊಡ್ಡದು. ತಂಗಿಯ ಕಡೆ ನೋಡಿ ನಕ್ಕ. ಜಾಗ ತನ್ನದೇ ಎಂಬ ನಗೆ.

ಸೊಸೆ ಸಾರು ಬಡಿಸುತ್ತಾ ತಲೆ ಎತ್ತದೆ, "ನಮ್ಮತ್ತೀನ್ನ ಕರಕೊಂಡು ಹೋಗ್ತೀನಿ" ಎಂದಳು.

ಎಲ್ಲರೂ ತಾಟಿನಿಂದ ತಲೆ ಎತ್ತಿ ಅವಳನ್ನು ನೋಡಿದರು. ನಾನೂ. ನಮ್ಮಿಬ್ಬರ ನಡುವೆ ಅಂಥ ಪ್ರೀತಿಯೇನೂ ಹರಿದಾಡುತ್ತಿರಲಿಲ್ಲ. ಅವಳು ಸಾರಿಗೆ ಉಪ್ಪು ಹೆಚ್ಚು ಹಾಕುತ್ತಾಳೆ, ನಾನು ಹೇಳುತ್ತೇನೆ, ಅವಳು ಮರುದಿನವೂ ಹಾಕುತ್ತಾಳೆ.

ಸೊಸೆಯ ಅಣ್ಣ ಮೊದಲು ಬಾಯಿ ಬಿಟ್ಟ. "ಅವ್ವಾರ, ಅಲ್ಲಿ ಥಂಡಿ ಅಂದ್ರ ಥಂಡಿ. ಎಲ್ಲಾ ಹತ್ತೂದು ಇಳಿಯೂದು. ನಿಮ್ಮ ಮೊಣಕಾಲು ತಡೀತಾವೇನು?"

"ನೀ ಗಂಗಾವತ್ಯಾಗ ಕುಂತು ಅಂಜನಾದ್ರಿ ಎಷ್ಟು ಸಲ ಹತ್ತೀಪಾ?"

"ಟೈಮ್ ಎಲ್ಲೈತ್ರಿ ಅವ್ವಾರ..."

"ನಾ ಮೂರು ಸಲ ಹತ್ತೀನಿ. ಹೋದ ವರ್ಷ ಒಮ್ಮಿ. ನನ್ನ ಮೊಣಕಾಲಿನ ಚಿಂತಿ ಬಿಟ್ಟು ನಿನ್ನ ಹೊಟ್ಟಿ ನೋಡ್ಕೊ."

ಮೊಮ್ಮಗಳು ನೀರು ಕುಡಿಯುತ್ತಿದ್ದವಳು ಮೂಗಿನಿಂದ ನಕ್ಕಳು. ಅವಳು ಕುಷ್ಟಗಿಯ ಕಾಲೇಜಿನಲ್ಲಿ ಓದುತ್ತಾಳೆ.

ಪಾಸ್‌ಪೋರ್ಟ್ ನನ್ನ ಹತ್ತಿರ ಮೊದಲೇ ಇತ್ತು. ಊರಿನ ಹೆಂಗಸರು ನೇಪಾಳಕ್ಕೆ ಹೋಗುವುದಾಗಿ ಒಮ್ಮೆ ಎದ್ದು ಕೂತಿದ್ದರು, ಯಾರೋ ಅದಕ್ಕೂ ಬೇಕು ಎಂದರೆಂದು ಮಾಡಿಸಿದ್ದೆ. ಬೇಕಿರಲಿಲ್ಲವಂತೆ, ಹೋಗಲೂ ಇಲ್ಲ. ಆಗ ಬೆರಳಿನ ಗೆರೆ ಇನ್ನೂ ಒಂದಿಷ್ಟು ಉಳಿದಿದ್ದವು. ಈಗ ವೀಸಾ ಬೇಕು. ಟೂರಿನವನು ಫೋನಿನಲ್ಲಿ ಹೇಳಿದ: ಬೆಂಗಳೂರಿಗೆ ಬಂದು ಹತ್ತೂ ಬೆರಳಿನ ಗುರುತು ಕೊಡಬೇಕು. ಇಪ್ಪತ್ತೆರಡು ದಿನ ಇದೆ. ಅವತ್ತು ಬೆರಳು ಬರದಿದ್ದರೆ ಇನ್ನೊಂದು ದಿನ ಸಿಗುವ ಹೊತ್ತಿಗೆ ಗುಂಪು ಹೋಗಿಬಿಟ್ಟಿರುತ್ತದೆ.

ಸೊಸೆ ನನ್ನ ಕೈ ನೋಡಿದಳು. ರೇಷನ್ ಅಂಗಡಿಯ ಸುದ್ದಿ ಅವಳಿಗೆ ಗೊತ್ತಿತ್ತು. ಅವಳ ಅಣ್ಣನಿಗೂ ಹೇಗೋ ಗೊತ್ತಾಯಿತು. ಮರುದಿನವೇ ಫೋನು: ತಾನು ಕೂಡ ಅರ್ಜಿ ಹಾಕಿ ಇಟ್ಟಿರುತ್ತೇನೆ, ಅವ್ವಾರಿಗೆ ಆಗಲಿಲ್ಲವೆಂದರೆ ಕಂಪನಿಯ ಜಾಗ ಹಾಳಾಗಬಾರದಲ್ಲ.

ಹೋಗಬೇಕೆಂದು ನನಗೆ ಯಾಕೆ ಅನಿಸಿತು ಎಂದು ಆಮೇಲೆ ಬಹಳ ಜನ ಕೇಳಿದರು. ಕನಸು ಗಿನಸು ಏನೂ ಇರಲಿಲ್ಲ. ನಾನು ಊರು ನೋಡದವಳೂ ಅಲ್ಲ. ಇಟಗಿಯ ಗುಡಿಗೆ ನಾಲ್ಕು ಸಲ ಹೋಗಿದ್ದೇನೆ. ನಾಲ್ಕೂ ಸಲ ಯಾರದೋ ಟ್ರ್ಯಾಕ್ಟರು, ಯಾರದೋ ಹೊತ್ತು. ಆ ಕಂಬಗಳು ಕನ್ನಡಿಯ ಹಾಗೆ ಹೊಳೆಯುತ್ತವೆ, ಮುಖ ನೋಡಿಕೊಳ್ಳಬಹುದು ಎನ್ನುತ್ತಾರೆ. ನಾನು ಬಗ್ಗಿ ನೋಡುವಷ್ಟರಲ್ಲಿ ನಾಲ್ಕೂ ಸಲ "ಏ, ಬರ್ರಿ, ಗಾಡಿ ಹೊಂಟೈತಿ" ಎಂದು ಕೂಗಿದರು. ನೋಡಿದೆ ಎಂದು ಹೇಳಬಹುದು, ನೋಡಿಲ್ಲ. ಈ ವಯಸ್ಸಿನಲ್ಲಿ ಒಂದು ದಿನ, ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ನಾನೇ ಹೇಳಬೇಕು ಎನಿಸಿತು. ಅಷ್ಟೇ. ಆ ದಿನ ಯುರೋಪಿನಲ್ಲಿ ಸಿಕ್ಕರೆ ಯುರೋಪಿನಲ್ಲಿ.

ಸೊಸೆ ಡಾಕ್ಟರನ್ನು ಕೇಳಿಕೊಂಡು ಬಂದಳು. ಕೈಗೆ ವಿಶ್ರಾಂತಿ ಕೊಟ್ಟರೆ ಚರ್ಮ ಮತ್ತೆ ಬರುತ್ತದೆ, ಗೆರೆಯೂ ಒಂದಿಷ್ಟು ಎದ್ದು ಬರಬಹುದು ಎಂದರಂತೆ. ಅವತ್ತಿನಿಂದ ನನ್ನ ಕೈ ಜಪ್ತಿಯಾಯಿತು. ಪಾತ್ರೆ ಇಲ್ಲ, ರೊಟ್ಟಿ ಇಲ್ಲ, ಕಸಬರಿಗೆ ಇಲ್ಲ, ಶೇಂಗಾ ಸುಲಿಯುವಂತಿಲ್ಲ, ಹುಣಸೆಹಣ್ಣು ಕುಟ್ಟುವಂತಿಲ್ಲ. ಬೆಳಿಗ್ಗೆ ಸಂಜೆ ಕೊಬ್ಬರಿ ಎಣ್ಣೆ, ಮಲಗುವಾಗ ತುಪ್ಪ ಸವರಿ ಮಗನ ಹಳೆಯ ಕಾಲುಚೀಲ. ಕಾಲುಚೀಲ ಕೈಗೆ ಹಾಕಿಕೊಂಡು ಮಲಗಿದ ಹೆಂಗಸು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಎರಡನೆಯ ದಿನಕ್ಕೇ ತಲೆ ಕೆಟ್ಟಿತು. ಕೈ ಸುಮ್ಮನಿದ್ದರೆ ಬಾಯಿ ಸುಮ್ಮನಿರುವುದಿಲ್ಲ. ಸೊಸೆ ಬಡಿದ ರೊಟ್ಟಿಗೆ ಅಂಚು ಒಡೆದಿದೆ ಎಂದೆ, ಒಲೆ ಉರಿ ಹೆಚ್ಚಾಯಿತು ಎಂದೆ. ಅವಳು ಹಿಟ್ಟಿನ ಕೈಯಲ್ಲೇ ತಿರುಗಿ, "ಅತ್ತೀರಿ, ನಿಮ್ಮ ಮೊಮ್ಮಗಳ ಕೂಡ ಕುಂತು ಆ ಊರಿನ ಪ್ಲ್ಯಾನ್ ಆದ್ರೂ ಮಾಡ್ರಿ, ಆ ಒಂದು ದಿನ ನಿಮ್ದ. ನನ್ನ ಪ್ರಾಣ ತಿನಬ್ಯಾಡ್ರಿ" ಎಂದಳು.

ಸರಿ ಎಂದು ಮೊಮ್ಮಗಳನ್ನು ಕೂರಿಸಿಕೊಂಡೆ. ಟೂರಿನವನು ಆ ಒಂದು ದಿನಕ್ಕೆ ಬರೆದು ಕಳಿಸಿದ್ದ ಕಾಗದ ಓದಿಸಿದೆ. ಅವಳು ಓದುತ್ತಾ ಹೋದಳು: ಅರಮನೆ, ವಿಜಯದ ಕಮಾನು, ಬೀದಿ ನಡುವಿನ ಕಂಬ, ಚಿನ್ನದ ಮಾಡು, ಗಂಟೆ ಎರಕ ಹೊಯ್ಯುವ ಮನೆ, ಪ್ರಾಣಿಗಳ ತೋಟ, ಹಿಮದಲ್ಲಿ ಜಾರಿ ಜಿಗಿಯುವ ದಿಬ್ಬ, ಹರಳಿನ ಅಂಗಡಿ. ಹೀಗೆ ಒಟ್ಟು ಹದಿನಾಲ್ಕು. ಊಟ ಪನೀರು. ನಾಲ್ಕು ಗಂಟೆಗೆ ಬೆಟ್ಟ.

"ಇದನ್ನ ಬರದಾಂವ ಎಂದಾರ ಹೊಲಕ್ಕ ಇಳದಾನೇನು?" ಎಂದೆ.

"ಯಾಕಜ್ಜಿ?"

ಕ್ರಾಸಿಂಗಿನಲ್ಲಿ ಹೊಸಬರು ಮಾಡುವ ತಪ್ಪು ಒಂದಿದೆ. ಗಿಡದಲ್ಲಿ ಎಷ್ಟು ಹೂ ಇದೆಯೋ ಅಷ್ಟಕ್ಕೂ ಸವರಿಬಿಡುತ್ತಾರೆ. ಗಿಡ ಕಾಯಿ ಹಿಡಿಯುತ್ತದೆ, ನೋಡಲು ಚೆಂದ, ಒಡೆದರೆ ಬೀಜ ಜೊಳ್ಳು. ಗಿಡಕ್ಕೆ ಎಷ್ಟು ಹೊರುವ ಶಕ್ತಿಯಿದೆಯೋ ಅಷ್ಟೇ ಹೂವಿಗೆ ದಾರ ಕಟ್ಟಬೇಕು. ದಾರವಿಲ್ಲದೆ ತಾನಾಗಿ ಕಟ್ಟಿದ ಕಾಯಿ ಎಷ್ಟೇ ದಪ್ಪಗಿರಲಿ, ಕಿತ್ತು ಬದುವಿಗೆ ಎಸೆಯಬೇಕು. ಎಸೆಯುವಾಗ ಹೊಟ್ಟೆ ಉರಿಯುತ್ತದೆ. ಎಸೆಯದಿದ್ದರೆ ಬೀಜದ ಚೀಲವೇ ತಿರುಗಿ ಬರುತ್ತದೆ.

ಮೊಮ್ಮಗಳಿಂದ ಒಂದೊಂದು ಜಾಗದ ಹೆಸರನ್ನೂ ಚೀಟಿಯಲ್ಲಿ ಬರೆಸಿ, ಕಿಟಕಿಯ ಸರಳಿಗೆ ಸಾಲಾಗಿ ಸಿಕ್ಕಿಸಿದೆ. ಪೆಟ್ಟಿಗೆಯಲ್ಲಿದ್ದ ಹಳೆಯ ಕೆಂಪು ದಾರ ತೆಗೆದೆ. ಐದು ತುಂಡು ಮಾತ್ರ ಹರಿದೆ.

"ಐದನ? ಹದಿನಾಕು ಅದಾವಲ್ಲ" ಎಂದಳು.

"ಒಂದು ದಿನಕ್ಕ ಐದು. ನಿಮ್ಮವ್ವನ ಕಾಲು, ನನ್ನ ಕಾಲು ಸೇರಿ ಅಷ್ಟ ಹೊರತಾವ. ಓದು."

ಅವಳು ಫೋನಿನಲ್ಲಿ ಒಂದೊಂದನ್ನೇ ತೆಗೆದು ಓದಿ ಹೇಳಿದಳು, ಚಿತ್ರ ತೋರಿಸಿದಳು. ಚಿನ್ನದ ಮಾಡು ಎಂದರೆ ಬರೀ ಒಂದು ಸೂರು, ಅಷ್ಟೇ. ರಾಜ ಕೂತು ಕೆಳಗಿನ ಬೀದಿಯ ಆಟ ನೋಡಲು ಕಟ್ಟಿಸಿದ ಉಪ್ಪರಿಗೆಯ ಮುಂಚಾಚು, ಅದರ ಮೇಲೆ ಚಿನ್ನದ ನೀರು ಹೊಯ್ದ ತಾಮ್ರದ ಹೆಂಚು. "ಬರೀ ಹೆಂಚಿಗೆ ಇಷ್ಟು ಮಂದಿ ಹೋಗ್ತಾರ?" ಎಂದು ಕೇಳಿದೆ. ಆದರೂ ದಾರ ಕಟ್ಟಿದೆ. ಇಷ್ಟು ವರ್ಷ ಉದುರದೆ ನಿಂತ ಹೆಂಚು ನೋಡಬೇಕಾದದ್ದೇ, ನಮ್ಮ ಮನೆಯ ತಗಡು ಎರಡು ಮಳೆಗಾಲ ತಡೆಯುವುದಿಲ್ಲ.

ಅರಮನೆಗೆ ದಾರ ಕಟ್ಟಲಿಲ್ಲ. ಕುರ್ಚಿ ಮಂಚ ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಪ್ರಾಣಿಗಳ ತೋಟ ಬೇಡ, ಪ್ರಾಣಿ ನೋಡಿ ಸಾಕಾಗಿದೆ.

ಮುಂದೆ ಒಂದು ಚರ್ಚು ಬಂತು. ಒಬ್ಬ ದೊಡ್ಡ ರಾಜನ ಗೋರಿ, ಅದರ ಎರಡೂ ಬದಿಗೆ ಮನುಷ್ಯರಿಗಿಂತ ಎತ್ತರದ ಕರಿಯ ಕಂಚಿನ ಮೂರ್ತಿಗಳು ಕಾವಲು ನಿಂತಿವೆ. ಅದರಲ್ಲಿ ರಾಣಿಯರೂ ಇದ್ದಾರೆ. ಮೊಮ್ಮಗಳು ಹೇಳಿದಳು, "ಗೋರಿ ಖಾಲಿ ಐತಂತಜ್ಜಿ. ರಾಜನ್ನ ಬ್ಯಾರೆ ಊರಾಗ ಮಣ್ಣು ಮಾಡ್ಯಾರ."

"ಮತ್ತ ಇವರೆಲ್ಲಾ ಯಾರನ್ನ ಕಾಯಾಕ ನಿಂತಾರ?"

"ಸುಮ್ನ ನಿಂತಾರ."

ಇದು ನನಗೆ ಬಹಳ ಹಿಡಿಸಿತು. ಎರಡು ಗಂಟು ಹಾಕಿ ಕಟ್ಟಿದೆ. ಅವಳು ಮುಂದೆ ಓದುತ್ತಿದ್ದವಳು ಗಕ್ಕನೆ ನಿಲ್ಲಿಸಿ ಫೋನು ಮಗುಚಿ ಇಟ್ಟು ನಗತೊಡಗಿದಳು.

"ಏನಂತ?"

"ಏನಿಲ್ಲಜ್ಜಿ."

"ಓದತೀಯೋ ಇಲ್ಲೋ?"

ಒಬ್ಬ ರಾಜನ ಮೂರ್ತಿಯನ್ನು ಬಂದವರೆಲ್ಲ ಒಂದೇ ಜಾಗದಲ್ಲಿ ಮುಟ್ಟಿ ಮುಟ್ಟಿ, ಮೈಯೆಲ್ಲ ಕಪ್ಪಿದ್ದರೂ ಅಲ್ಲಿ ಮಾತ್ರ ಬಂಗಾರದ ಹಾಗೆ ಹೊಳೆಯುತ್ತದಂತೆ. ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ, ಸೊಂಟದ ಕೆಳಗೆ, ಮೊಣಕಾಲಿನ ಮೇಲೆ. ಒಲೆಯ ಮುಂದಿನಿಂದ ಸೊಸೆ, "ಏನ್ರಿ ಅದು ಅಜ್ಜಿ ಮೊಮ್ಮಗಳ ನಗಿ?" ಎಂದು ಕೂಗಿದಳು. "ಇತಿಹಾಸ" ಎಂದೆ.

ಅಲ್ಲಿಯ ಬೆಟ್ಟದ ಕಡೆ ತಿರುಗಿಸಿಟ್ಟ ಒಂದು ಕ್ಯಾಮೆರಾ ಇದೆ, ಇಲ್ಲಿಂದ ಫೋನಿನಲ್ಲಿ ಆಗಿಂದಾಗಲೇ ಕಾಣುತ್ತದೆ ಎಂದು ಮೊಮ್ಮಗಳು ತೋರಿಸಿದ ದಿನ ನನಗೆ ಕೆಲಸ ಸಿಕ್ಕಿತು. ನಮ್ಮ ಮಧ್ಯಾಹ್ನಕ್ಕೆ ಅಲ್ಲಿ ಬೆಳಗಿನ ಚಹಾದ ಹೊತ್ತು, ನಾವು ದೇವರಿಗೆ ದೀಪ ಹಚ್ಚುವಾಗ ಅಲ್ಲಿ ಮೂರು ಗಂಟೆ. ದಿನಾ ಎರಡೂ ಹೊತ್ತು ನೋಡಿದೆ, ಹೊಲ ನೋಡಿದ ಹಾಗೆ. ನಾಲ್ಕೇ ದಿನಕ್ಕೆ ಆ ಮುಗಿಲಿನ ಗುಣ ಗೊತ್ತಾಯಿತು. ಬೆಳಿಗ್ಗೆ ಬೆಟ್ಟ ತೊಳೆದಿಟ್ಟ ಹಾಗೆ ಇರುತ್ತದೆ. ಬಿಸಿಲು ಏರಿದಂತೆ ತುದಿಗೆ ಅರಳೆಯಂಥ ಮೋಡ ಸಿಕ್ಕಿಕೊಳ್ಳುತ್ತದೆ. ಮೂರು ಗಂಟೆಗೆ ಬೆಟ್ಟವೇ ಇಲ್ಲ, ಬರೀ ಬೂದಿ. ಆ ಪುಣ್ಯಾತ್ಮ ನಾಲ್ಕು ಗಂಟೆಗೆ ಬೆಟ್ಟ ಇಟ್ಟಿದ್ದ!

ಬೆಟ್ಟವನ್ನು ಬೆಳಗಿನ ಮೊದಲಿಗೆ ತಂದೆ. ಚಿನ್ನದ ಮಾಡು ದಕ್ಷಿಣಕ್ಕೆ ಮುಖ ಮಾಡಿದೆ ಎಂದು ಮೊಮ್ಮಗಳು ನಕ್ಷೆ ನೋಡಿ ಹೇಳಿದಳು, ಹಾಗಾದರೆ ಅದಕ್ಕೆ ನಡುಹಗಲು. ಅದರ ಪಕ್ಕದಲ್ಲೇ ಹಳೆಯ ಕಾವಲು ಗೋಪುರ, ಮೇಲೆ ಹತ್ತಬಹುದು, ಅದು ಮೂರನೆಯದು. ಮೋಡ ಕವಿದ ಮೇಲೆ ಒಳಗಿನ ಜಾಗ, ಆ ಖಾಲಿ ಗೋರಿಯ ಚರ್ಚು. ಸಂಜೆ ಕಾಲು ಸೋತಾಗ ಹೊಳೆಯ ದಂಡೆ, ಎದುರಿಗೆ ಬಣ್ಣ ಬಣ್ಣದ ಮನೆಗಳ ಸಾಲು, ಕೂರಲು ಬೆಂಚು. ಐದು.

ಸೊಸೆ ಬಂದು ಕಿಟಕಿ ನೋಡಿದಳು. "ಹರಳಿನ ಅಂಗಡಿ ಎಲ್ಲೈತ್ರಿ?"

"ಬದುವಿನ ಮ್ಯಾಲ" ಎಂದು ಮೂಲೆಯಲ್ಲಿ ಬಿದ್ದ ಚೀಟಿಗಳನ್ನು ತೋರಿಸಿದೆ.

"ಎಲ್ಲಾರೂ ಅಲ್ಲಿ ಫೋಟೋ ತೆಗಿಸ್ಕೊತಾರ್ರಿ ಅತ್ತೀರಿ."

"ಗಾಜು ನೋಡಬೇಕಂದ್ರ ಕುಷ್ಟಗಿ ಬಳೆಗಾರನ ಅಂಗಡಿಗೆ ಹೋಗು. ಟೂರು ನಿಂದು, ಹೌದು. ಆದ್ರ ಈ ದಿನ ನಂದು ಅಂದಿ."

"ಅಂದೀನಿ" ಎಂದಳು. ಮುಖ ಉಬ್ಬಿತು. ರಾತ್ರಿ ಸಾರಿಗೆ ಉಪ್ಪು ಇನ್ನೂ ಒಂದು ಚಿಟಿಕೆ ಏರಿತ್ತು. ಎರಡು ಸಲ ಹಾಕಿಸಿಕೊಂಡು ಉಂಡೆ.

ಹದಿಮೂರನೆಯ ದಿನ ರೇಷನ್ ಅಂಗಡಿಗೆ ಹೋದೆವು, ಅಕ್ಕಿಗಲ್ಲ, ಬೆರಳಿಗೆ. ಅಂಗಡಿಯವನಿಗೆ ವಿಷಯ ಹೇಳಿದಾಗ ಅವನಿಗೂ ಹುರುಪು ಬಂತು. ಯಂತ್ರ ಒರೆಸಿ ಮುಂದಿಟ್ಟ. ಒಂದು ಬೆರಳು, ಹಸಿರು. ಎರಡನೆಯದು ಹಸಿರು. ಹಿಂದೆ ನಿಂತ ಸಾಲಿನವರು ಎಣಿಸತೊಡಗಿದರು. ಎಡಗೈ ಐದೂ ಹಸಿರು. ಬಲಗೈ ಹೆಬ್ಬೆಟ್ಟು ಹಸಿರು. ಬಲಗೈ ತೋರುಬೆರಳು, ಕೆಂಪು. ತಿರುಗಿ ಇಟ್ಟೆ, ಕೆಂಪು. ಉಳಿದ ಮೂರೂ ಹಸಿರು. ಅದೊಂದು ಮಾತ್ರ ಕೆಂಪು.

"ಇದೊಂದಕ್ಕ ಏನಾಗೈತಿ?" ಎಂದು ಸೊಸೆ ನನ್ನ ಬೆರಳು ಬೆಳಕಿಗೆ ಹಿಡಿದಳು. ಬೋಳು. ಮೇಲೆ ಬಿಳಿಯ ಸಿಪ್ಪೆ. "ಅತ್ತೀರಿ, ಖರೇ ಹೇಳ್ರಿ, ನಾ ಅಂಗಡಿಗೆ ಹೋದ ಮ್ಯಾಲ ಏನ ಕೆಲಸ ಮಾಡೀರಿ?"

"ಏನೂ ಮಾಡಿಲ್ಲ."

"ಮತ್ತ ಸುಮ್ನ ಹಿಂಗ ಆಗ್ತೈತೇನು?"

ನನಗೂ ತಿಳಿಯಲಿಲ್ಲ. ಸಿಟ್ಟು ಬಂತು. ಸಿಟ್ಟು ಬಂದಾಗ ಮಾಡುವುದನ್ನೇ ಮಾಡಿದೆ: ಅಂಗಡಿಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆಯ ಚಂಚಿ ಬಿಚ್ಚಿ, ಎಲೆ ತೆಗೆದು, ಡಬ್ಬಿಯೊಳಗೆ ಬೆರಳು ಅದ್ದಿ ಸುಣ್ಣ ಸವರತೊಡಗಿದೆ. ಅಂಗಡಿಯವನು ತಕ್ಕಡಿ ಬಿಟ್ಟು ಕೂಗಿದ.

"ಯವ್ವಾ! ಕೈ ಎತ್ತು! ಹಂಗ ಇರು!"

ಬೆರಳು ಗಾಳಿಯಲ್ಲಿ ನಿಂತಿತು. ತುದಿಗೆ ಸುಣ್ಣ. ಬಲಗೈ ತೋರುಬೆರಳು. ಸಾಲಿನಲ್ಲಿ ನಿಂತವರೆಲ್ಲ ನೋಡಿದರು, ಆಮೇಲೆ ಒಬ್ಬರ ಹಿಂದೊಬ್ಬರು ನಕ್ಕರು. ಹದಿಮೂರು ದಿನ ಎಣ್ಣೆ, ತುಪ್ಪ, ಕಾಲುಚೀಲ; ಊಟ ಆದ ಮೇಲೆಲ್ಲ ಚರ್ಮ ತಿನ್ನುವ ಸುಣ್ಣ. ಎಲೆ ಹಾಕುವುದು ಕೆಲಸ ಎಂದು ನನಗೆ ಯಾವತ್ತೂ ಅನಿಸಿಯೇ ಇರಲಿಲ್ಲ. ಮನೆಯಲ್ಲಿ ಬೇರೆ ಯಾರಿಗೂ ಅನಿಸಲಿಲ್ಲ. ಉಸಿರಾಡುವುದನ್ನು ಯಾರು ಕೆಲಸ ಎನ್ನುತ್ತಾರೆ?

ಉಳಿದದ್ದು ಒಂಬತ್ತು ದಿನ. "ಬ್ಯಾರೆಯವರ ಕಡೆ ಸುಣ್ಣ ಹಚ್ಚಿಸ್ಕೊಂಡು ಹಾಕ್ಕೊ" ಎಂದು ಸಾಲಿನಲ್ಲಿದ್ದ ಒಬ್ಬ ಮುದುಕಿ ಉಪಾಯ ಹೇಳಿದಳು. ಬೇಡವೆಂದೆ. ನನ್ನ ಕೈ ನನಗೆ ಗೊತ್ತು. ಚಂಚಿ ಮಡಿಲಲ್ಲಿದ್ದರೆ ಅದು ಕೇಳದೆ ಒಳಗೆ ಹೋಗುತ್ತದೆ. ಚಂಚಿಯನ್ನು ಡಬ್ಬಿ ಸಮೇತ ಸೊಸೆಯ ಕೈಗೆ ಕೊಟ್ಟೆ. ಮದುವೆಯಾದ ವರ್ಷದಿಂದ ಬಿಡದೆ ಹಾಕಿದ್ದು. ಮೂರನೆಯ ದಿನ ತಲೆ ಸಿಡಿಯಿತು. ಐದನೆಯ ದಿನ ಬಾಯೆಲ್ಲ ಕಟ್ಟಿಗೆ. ಮೊಮ್ಮಗಳು ಬಡೇಸೋಪು ತಂದುಕೊಟ್ಟಳು. ಅದನ್ನು ತಿಂದರೆ ಹೋಟೆಲಿನಲ್ಲಿ ಉಂಡ ಹಾಗಾಗುತ್ತದೆ, ಸಮಾಧಾನ ಇಲ್ಲ.

ಆರನೆಯ ದಿನ ಗಂಗಾವತಿಯಿಂದ ಫೋನು. ಸೊಸೆ ಸ್ಪೀಕರಿಗೆ ಹಾಕಿದ್ದಳು.

"ಅವ್ವಾರ, ಎಲಿ ಬಿಟ್ಟೀರಂತ?"

"ಬಿಟ್ಟೀನಿ."

"ಯಾಕ ಇಷ್ಟು ತ್ರಾಸ ತಗೋತೀರಿ? ನಾ ಸ್ವೆಟರ್ ಸುದ್ದಾ ತಗೊಂಡೀನಿ. ನಾ ಹೋಗಿ ಬಂದು ಎಲ್ಲಾ ವಿಡಿಯೋ ತೋರಿಸ್ತೀನಿ ನಿಮಗ."

"ಸ್ವೆಟರ್ ಯಾ ಬಣ್ಣದ್ದು?"

"ನೀಲಿರಿ."

"ಛಲೋ ಆತು. ತೊಳದು ಇಡು. ನಮ್ಮ ಮೊಮ್ಮಗಳಿಗೆ ಚಳಿಗಾಲಕ್ಕ ಆಗ್ತೈತಿ."

ಸೊಸೆ ಫೋನು ಕಸಿದು ಆರಿಸಿದಳು, ಅಣ್ಣನ ಮುಂದೆ ನಗಬಾರದೆಂದು. ಆಮೇಲೆ ನನ್ನ ಎದುರು ಕೂತು, ಎಂದೂ ಇಲ್ಲದ ಮಾತು ಆಡಿದಳು. "ಬಟ್ಟು ಬರಲಿಲ್ಲಂದ್ರ ನಾನೂ ಹೋಗೂದಿಲ್ರಿ ಅತ್ತೀರಿ. ಅಂವ ಬಂದ್ರ ಅಲ್ಲೂ ಚಹಾ ಮಾಡಿಕೊಡು ಅಂತಾನ."

"ಹುಚ್ಚಿ. ಬರಲಿಲ್ಲಂದ್ರೂ ನೀ ಹೋಗಬೇಕು. ಆದ್ರ ಬರ್ತಾವ" ಎಂದೆ. ಬರುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ಹೇಳುವ ಧಾಟಿ ಮಾತ್ರ ಗೊತ್ತಿತ್ತು.

ಕೊಪ್ಪಳದಿಂದ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ರೈಲಿನ ಕಬ್ಬಿಣ ಹಿಡಿಯಬೇಡಿರಿ ಎಂದು ಸೊಸೆ ನನ್ನ ಕೈಗೆ ಟವೆಲ್ ಸುತ್ತಿದ್ದಳು. ಎದುರು ಕೂತವರು ಕೈ ಸುಟ್ಟಿದೆ ಎಂದು ತಿಳಿದು ಎಳನೀರು ಕೊಡಿಸಿದರು. ಕುಡಿದೆ.

ವೀಸಾದ ಆಫೀಸಿನಲ್ಲಿ ಸಣ್ಣ ಗಾಜಿನ ಕೋಣೆ, ಒಳಗೆ ನಗುಮುಖದ ಒಬ್ಬ ಹುಡುಗಿ. ಯಂತ್ರ ರೇಷನ್ ಅಂಗಡಿಯದರಂತಲ್ಲ, ಅಗಲವಾದ ಗಾಜು, ನಾಲ್ಕು ಬೆರಳು ಒಟ್ಟಿಗೆ ಇಡಬೇಕು. ಎಡಗೈ ನಾಲ್ಕು ಇಟ್ಟೆ. ಬಂತು. ಎರಡೂ ಹೆಬ್ಬೆಟ್ಟು ಬಂತು. ಬಲಗೈ ನಾಲ್ಕು ಇಟ್ಟೆ. ಅವಳ ಮುಖದ ನಗೆ ಸ್ವಲ್ಪ ಇಳಿಯಿತು.

"ಅಜ್ಜಿ, ಒಂದು ಬೆರಳು ಸರಿಯಾಗಿ ಬರ್ತಿಲ್ಲ. ಇನ್ನೊಂದ್ಸಲ ಇಡಿ."

ಇಟ್ಟೆ. ಅವಳು ತಲೆ ಆಡಿಸಿದಳು. ಗಾಜಿನ ಆಚೆ ಸೊಸೆ ನಿಂತಿದ್ದಳು, ಕಣ್ಣು ಮಿಟುಕಿಸದೆ.

"ಜೋರಾಗಿ ಒತ್ತಿ ಅಜ್ಜಿ."

ಅಲ್ಲಿಯೇ ನನಗೆ ಹೊಳೆಯಿತು. ಬೆರಳು ಬರದಿರುವುದು ನಾನು ಒತ್ತುತ್ತಿರುವುದರಿಂದಲೇ. ಮೊಗ್ಗಿನ ಒಳಗಿನ ಹೆಣ್ಣು ಭಾಗವನ್ನು ಒತ್ತಿದವಳು ಕೆಲಸ ಕೆಡಿಸಿದಳು. ಬೆರಳಿನ ಭಾರವನ್ನು ಬೆರಳೇ ಹೊರಬೇಕು. "ಒಂದು ಗಳಿಗಿ ತಡಿಯವ್ವಾ" ಎಂದೆ. ಕೈ ಎತ್ತಿ ಸೀರೆಗೆ ಒರೆಸಿದೆ. ಹೂವಿಗೆ ಸವರುವ ಹಾಗೆ, ತುದಿಯಿಂದಲ್ಲ, ತಿರುಳಿನಿಂದ, ಮೆಲ್ಲಗೆ ಇಳಿಸಿದೆ. ಉಸಿರು ಹಿಡಿದೆ.

"ಬಂತು" ಎಂದಳು ಹುಡುಗಿ. "ನಾಲ್ಕೂ ಬಂತು ಅಜ್ಜಿ!"

ಹೊರಗೆ ಬಂದಾಗ ಸೊಸೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಅಳುತ್ತಾಳೋ ಏನೋ ಎನಿಸಿತು. "ಬಿಡು, ಬೆವರತೈತಿ" ಎಂದೆ.

ವೀಸಾ ಅಂಟಿಸಿದ ಪಾಸ್‌ಪೋರ್ಟ್ ಬಂದ ದಿನ ಮೊಮ್ಮಗಳು ಅದರ ಫೋಟೋ ತೆಗೆದು ಗಂಗಾವತಿಗೆ ಕಳಿಸಿದಳು. ಕೆಳಗೆ ನಾನು ಹೇಳಿದ್ದನ್ನು ಬರೆದಳು: ಸ್ವೆಟರ್ ಬಸ್ಸಿಗೆ ಹಾಕು.

ಟೂರಿನವನು ಮತ್ತೆ ಫೋನು ಮಾಡಿದ. ಇನ್ಸ್‌ಬ್ರುಕ್‌ನಲ್ಲಿ ವಯಸ್ಸಾದವರು ಬಸ್ಸಿನಲ್ಲೇ ಕೂತಿರಬಹುದು, ಏಸಿ ಇರುತ್ತದೆ ಎಂದ. ನಾನು ಫೋನು ಇಸಿದುಕೊಂಡೆ. "ಸಾಹೇಬರ, ನಿಮ್ಮ ಬೆಟ್ಟ ಎಷ್ಟು ಗಂಟೆಗೈತಿ?"

"ನಾಲ್ಕಕ್ಕೆ ಅಮ್ಮ."

"ನಾಕಕ್ಕ ಅಲ್ಲಿ ಬೆಟ್ಟ ಇರೂದಿಲ್ಲ. ನಾ ಮೂರು ವಾರದಿಂದ ನೋಡಾಕತ್ತೀನಿ." ಐದೂ ಜಾಗ, ಐದೂ ಹೊತ್ತು ಒಂದೇ ಉಸಿರಿಗೆ ಹೇಳಿದೆ. ಅವನು, "ಅಮ್ಮ, ನೀವು ಮೊದಲು ಅಲ್ಲಿಗೆ ಹೋಗಿದ್ರಾ?" ಎಂದ. ಸೊಸೆ ಈ ಮಾತನ್ನು ಟೂರಿಗೆ ಹೊರಟ ಡೀಲರುಗಳ ಮೊಬೈಲ್ ಗುಂಪಿನಲ್ಲಿ ಹಾಕಿದಳು. ಸಂಜೆಯೊಳಗೆ ಸಿಂಧನೂರಿನವಳೊಬ್ಬಳು, ರಾಣೆಬೆನ್ನೂರಿನವಳೊಬ್ಬಳು, ಹೀಗೆ ಆರು ಮಂದಿ ಹೆಂಗಸರು ತಾವೂ ಅಜ್ಜಿಯ ಕೂಡ ಎಂದು ಬರೆದರು. ಸೊಸೆಯೇ ಬಂದು ಓದಿ ಹೇಳಿದಳು. ಹರಳಿನ ಅಂಗಡಿಯ ಮಾತು ತೆಗೆಯಲಿಲ್ಲ.

ವಿಮಾನ ಇಳಿದ ಮೇಲೆ ಯುರೋಪಿನ ಗಡಿಯಲ್ಲಿಯೂ ಬೆರಳು ಕೇಳಿದರು. ಕೊಟ್ಟೆ. ಹೋಗು ಎಂದರು.

ಆ ದಿನ ಬೆಳಿಗ್ಗೆ ಬೆಟ್ಟವೇರುವ ರೈಲಿನಲ್ಲಿ ಎಂಟು ಮಂದಿ ಹೆಂಗಸರು, ಒಂಬತ್ತನೆಯವನು ಟೂರಿನವನು. ಮೇಲೆ ಇಳಿದಾಗ ಬೆಟ್ಟದ ಕಲ್ಲು ಕಲ್ಲೂ ಕಾಣುತ್ತಿತ್ತು, ಒಂದು ತುಣುಕು ಮೋಡ ಇಲ್ಲ. ಕೆಳಗೆ ಊರು, ನಡುವೆ ಹೊಳೆ. ರಾಣೆಬೆನ್ನೂರಿನವಳು ಹೊರಡೋಣವೇ ಎಂದು ಕೇಳಿದಳು. "ಯಾಕ, ಯಾರು ಕರದಾರ?" ಎಂದೆ. ಮನಸ್ಸು ತುಂಬುವ ತನಕ ನಿಂತೆ. ಯಾರೂ ಕೂಗಲಿಲ್ಲ. ನಡುಹಗಲಿಗೆ ಚಿನ್ನದ ಹೆಂಚು ಕಣ್ಣಿಗೆ ಚುಚ್ಚುವ ಹಾಗೆ ಹೊಳೆಯಿತು. ಅದನ್ನೂ ಬೇಕಾದಷ್ಟು ಹೊತ್ತು ನೋಡಿದೆ.

ಗೋಪುರದ ಬಾಗಿಲಲ್ಲಿ ಟೂರಿನವನು ಅಡ್ಡ ಬಂದ. "ಅಮ್ಮ, ನೂರಕ್ಕೂ ಹೆಚ್ಚು ಮೆಟ್ಟಿಲಿದೆ. ನೀವು ಇಲ್ಲೇ ಕೂತಿರಿ, ನಾನು ಜೊತೆಗಿರ್ತೀನಿ."

"ನಿಮಗ ಆಗೂದಿಲ್ಲಂದ್ರ ಕುಂದರ್ರಿ ಸಾಹೇಬರ. ನಮ್ಮ ಚೀಲ ನೋಡ್ಕೋರಿ" ಎಂದು ಹತ್ತಿದೆ.

ಮೇಲೆ ಗಾಳಿ ಜೋರಾಗಿತ್ತು. ಬೆಟ್ಟದ ತುದಿಗೆ ಆಗಲೇ ಮೋಡ ಸಿಕ್ಕಿಕೊಳ್ಳತೊಡಗಿತ್ತು, ನಾವು ನಿಂತು ಬಂದ ಜಾಗ ಕಣ್ಣ ಮುಂದೆಯೇ ಮುಚ್ಚಿತು. ಸೊಸೆ ಕಟಕಟೆ ಹಿಡಿದು ಏದುಸಿರು ಬಿಡುತ್ತಾ ಬಂದಳು. ಅವಳ ಹಿಂದೆ ಉಳಿದ ಹೆಂಗಸರು.

"ಅತ್ತೀರಿ, ಮುಂದ?"

"ಮೂರು ಆದವು. ಎರಡು ಉಳದಾವ. ನಿಂದ್ರು, ನನ್ನ ನೋಡೂದು ಇನ್ನೂ ಮುಗದಿಲ್ಲ."

ಅವಳು ನಿಂತಳು.